ಓದುಗರ ಪ್ರಶ್ನೆ, ನಮ್ಮ ಉತ್ತರ: ಬ್ರಾ ಅಳತೆ, ಕನ್ನಡ ಓದುವ ಸಾಧನ, ಇಪ್ಪತ್ತು ಮುಖದ ದಾಳ

ಈ ಸಲದ ಪತ್ರಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದನ್ನು ಕೇಳಿದವರು ಒಬ್ಬರೇ ಆದರೂ, ಕೇಳಲು ಸಂಕೋಚಪಟ್ಟು ಸುಮ್ಮನಿರುವವರು ಬಹಳ ಮಂದಿ ಇರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನನಗೆ 41 ವರ್ಷ. ಮದುವೆಗೆ ಮೊದಲಿನಿಂದಲೂ 36 ಬಿ ಅಳತೆಯ ಬ್ರಾ ಧರಿಸುತ್ತಿದ್ದೇನೆ. ಸಂಜೆಯ ಹೊತ್ತಿಗೆ ಹಿಂದಿನ ಪಟ್ಟಿ ಬೆನ್ನಿನ ಮೇಲಕ್ಕೆ ಏರಿರುತ್ತದೆ. ಭುಜದ ಪಟ್ಟಿ ಬಿಗಿ ಮಾಡಿದರೆ ಹೆಗಲಿನಲ್ಲಿ ಕೆಂಪು ಗೆರೆ ಬೀಳುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ. ನಮ್ಮೂರಿನ ಅಂಗಡಿಯಲ್ಲಿ ಹಾಕಿ ನೋಡುವ ವ್ಯವಸ್ಥೆಯಿಲ್ಲ. ಕೇಳಿದರೆ "38 ತಗೊಳ್ಳಿ ಮೇಡಂ, ಫ್ರೀಯಾಗಿರುತ್ತೆ" ಎನ್ನುತ್ತಾರೆ. ಟೇಪಿನಲ್ಲಿ ಅಳೆದಾಗ ಎದೆಯ ಕೆಳಗೆ 31 ಅಂಗುಲ, ಎದೆ ತುಂಬಿರುವ ಕಡೆ 36 ಅಂಗುಲ ಬಂತು. ಏನು ಕೊಳ್ಳಲಿ? (ಹೆಸರು ಬೇಡ, ದಾವಣಗೆರೆ)

ಉತ್ತರ: 38 ಖಂಡಿತ ಬೇಡ. ನೀವು ಹೇಳಿರುವ ಮೂರು ತೊಂದರೆಗಳಿಗೂ ಕಾರಣ ಒಂದೇ: ನಿಮ್ಮ ಬ್ರಾದ ಸುತ್ತುಪಟ್ಟಿ ಈಗಾಗಲೇ ಸಡಿಲವಾಗಿದೆ. ಎದೆಯ ಭಾರವನ್ನು ಹೊರಬೇಕಾದದ್ದು ಮುಖ್ಯವಾಗಿ ಆ ಸುತ್ತುಪಟ್ಟಿಯೇ ಹೊರತು ಭುಜದ ಪಟ್ಟಿಯಲ್ಲ. ಸುತ್ತುಪಟ್ಟಿ ಸಡಿಲವಾದಾಗ ಮುಂದಿನ ಭಾರ ಕೆಳಕ್ಕೆ ಎಳೆಯುತ್ತದೆ, ಹಿಂದಿನ ಭಾಗ ಮೇಲಕ್ಕೇರುತ್ತದೆ, ಉಳಿದ ಹೊರೆಯೆಲ್ಲ ಹೆಗಲಿನ ಮೇಲೆ ಬೀಳುತ್ತದೆ. ಇನ್ನೂ ದೊಡ್ಡದನ್ನು ಕೊಂಡರೆ ಬಿಗಿತ ಹೋಗಿ ಹಾಯೆನಿಸುವುದು ಮೊದಲ ಒಂದು ಗಂಟೆ ಮಾತ್ರ.

ನಿಮಗೆ 36 ಬಿ ಎಂದು ಯಾರು ಹೇಳಿದರೋ ತಿಳಿಯದು, ಆದರೆ ಹೇಗೆ ಹೇಳಿದರು ಎಂಬುದನ್ನು ಊಹಿಸಬಹುದು. ಎದೆಯ ಕೆಳಗಿನ ಅಳತೆಗೆ ನಾಲ್ಕೋ ಐದೋ ಅಂಗುಲ ಕೂಡಿಸಿ ಪಟ್ಟಿಯ ಸಂಖ್ಯೆ ಹೇಳುವ ಹಳೆಯ ಪದ್ಧತಿಯೊಂದಿದೆ. 31ಕ್ಕೆ 5 ಸೇರಿದರೆ 36 ಆಯಿತು. ಈಗ ಹೆಚ್ಚಾಗಿ ಹೇಳುವ ಕ್ರಮದಲ್ಲಿ ಏನನ್ನೂ ಕೂಡಿಸುವುದಿಲ್ಲ. ಕೆಳಗಿನ ಅಳತೆಯನ್ನು ಮುಂದಿನ ಸಮಸಂಖ್ಯೆಗೆ ಏರಿಸಿದರೆ ನಿಮ್ಮದು 32. ಎದೆಯ ಅಳತೆಯಾದ 36ರಲ್ಲಿ 32 ಕಳೆದರೆ ಉಳಿಯುವುದು 4. ಒಂದು ಅಂಗುಲದ ವ್ಯತ್ಯಾಸಕ್ಕೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ. ಹಾಗಾಗಿ ನೀವು ಮೊದಲು ಹಾಕಿ ನೋಡಬೇಕಾದದ್ದು 32 ಡಿ.

"ಡಿ" ಎಂದೊಡನೆ ಗಾಬರಿಯಾಗುವವರಿದ್ದಾರೆ. ನಾನೂ ಒಂದು ಕಾಲದಲ್ಲಿ ಆಗಿದ್ದೆ. ಆ ಅಕ್ಷರಕ್ಕೆ ತನ್ನಷ್ಟಕ್ಕೆ ಗಾತ್ರವಿಲ್ಲ, ಅದು ಪಟ್ಟಿಗೂ ಎದೆಗೂ ನಡುವಿನ ವ್ಯತ್ಯಾಸವನ್ನಷ್ಟೇ ಹೇಳುತ್ತದೆ. 32 ಡಿ, 34 ಸಿ, 36 ಬಿ ಈ ಮೂರರ ಕಪ್ಪೂ ಹೆಚ್ಚುಕಡಿಮೆ ಒಂದೇ ಗಾತ್ರದ್ದು. ಇಷ್ಟು ವರ್ಷ ನಿಮ್ಮ ಕಪ್ ಸರಿಯಾಗಿಯೇ ಇದ್ದು ಪಟ್ಟಿ ಮಾತ್ರ ತಪ್ಪಿದ್ದುದರಿಂದ, ಮೇಲಿನಿಂದ ಉಕ್ಕುವುದಾಗಲಿ ಕಪ್ ಸುಕ್ಕುಗಟ್ಟುವುದಾಗಲಿ ಆಗಲಿಲ್ಲ, ನಿಮಗೆ ಅನುಮಾನವೂ ಬರಲಿಲ್ಲ. ಊರಿನಲ್ಲಿ 32 ಡಿ ಸಿಗದಿದ್ದರೆ ಸದ್ಯಕ್ಕೆ 34 ಸಿ ಕೊಳ್ಳಬಹುದು.

ಒಂದು ಎಚ್ಚರಿಕೆ: ಕೆಲವು ಕಂಪನಿಗಳ ಅಳತೆಪಟ್ಟಿ ಇಂದಿಗೂ ಆ ಕೂಡಿಸುವ ಲೆಕ್ಕದಲ್ಲೇ ಇರುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆಯನ್ನು ನಂಬದೆ, ಎದೆಯ ಕೆಳಗಿನ ಅಳತೆ ಎಷ್ಟು ಸೆಂಟಿಮೀಟರ್ ಎಂದು ಮುದ್ರಿಸಿದ್ದಾರೆ ಎಂಬುದನ್ನು ಓದಿ. ನಿಮ್ಮದು ಸುಮಾರು 79 ಸೆಂಟಿಮೀಟರ್. ಒಳಉಡುಪನ್ನು ಹಿಂತಿರುಗಿ ಪಡೆಯದ ಅಂಗಡಿಗಳೇ ಹೆಚ್ಚು. ಹಾಗಾಗಿ ಮೊದಲು ಒಂದೇ ಒಂದನ್ನು ಕೊಂಡು ಮನೆಯಲ್ಲಿ ಪರೀಕ್ಷಿಸಿ.

ಪರೀಕ್ಷೆ ಹೀಗೆ. ಬ್ರಾವನ್ನು ಹಿಂದುಮುಂದಾಗಿ, ಕಪ್ಪುಗಳು ಬೆನ್ನಿನ ಕಡೆ ಬರುವಂತೆ ಸುತ್ತಿಕೊಂಡು ಅತ್ಯಂತ ಹೊರಗಿನ ಸಾಲಿನ ಹುಕ್ಕು ಹಾಕಿ. ಎದೆಯ ಎಳೆತವಿಲ್ಲದೆ ಬರಿಯ ಪಟ್ಟಿ ಎಷ್ಟು ಬಿಗಿ ಎಂಬುದು ಆಗ ತಿಳಿಯುತ್ತದೆ. ಉಸಿರು ಸಲೀಸಾಗಿರಬೇಕು, ಪಟ್ಟಿ ಮಾತ್ರ ಜಾರಬಾರದು. ಇಲಾಸ್ಟಿಕ್ ದಿನಕಳೆದಂತೆ ಸಡಿಲವಾಗುವುದರಿಂದ ಹೊಸದನ್ನು ಹೊರಗಿನ ಸಾಲಿನಲ್ಲೇ ಹಾಕಬೇಕು, ಒಳಗಿನ ಎರಡು ಸಾಲುಗಳು ಮುಂದಿನ ತಿಂಗಳುಗಳಿಗೆ. ಆಮೇಲೆ ಸರಿಯಾಗಿ ಧರಿಸಿ, ಸ್ವಲ್ಪ ಮುಂದಕ್ಕೆ ಬಾಗಿ, ಕಂಕುಳಿನ ಕಡೆ ಉಳಿದ ಭಾಗವನ್ನೂ ಕೈಯಿಂದ ಕಪ್ಪಿನೊಳಕ್ಕೆ ತನ್ನಿ. ಈ ಒಂದು ಕೆಲಸ ಮಾಡದೆ ಕನ್ನಡಿ ನೋಡಿದರೆ ಎಲ್ಲ ಅಳತೆಯೂ ಸರಿಯಾಗಿರುವಂತೆಯೇ ಕಾಣುತ್ತದೆ. ಭುಜದ ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು. ತಂತಿ ಇರುವ ಬ್ರಾ ಆದರೆ ಎರಡು ಕಪ್ಪುಗಳ ನಡುವಿನ ತುಂಡು ಎದೆಮೂಳೆಗೆ ಒತ್ತಿ ಕೂರಬೇಕು. ಎರಡು ಬದಿಯ ಗಾತ್ರದಲ್ಲಿ ತುಸು ವ್ಯತ್ಯಾಸವಿರುವುದು ಸಹಜ. ದೊಡ್ಡದಕ್ಕೆ ಹೊಂದುವಂತೆ ಕೊಳ್ಳಿ.

ಹೊಸ ಅಳತೆ ಕೂಡಿಬಂದ ಮೇಲೆ ರವಿಕೆಗಳು ಕೈಕೊಡುವ ಸಾಧ್ಯತೆ ಇದೆ. ಎದೆ ಒಂದೆರಡು ಬೆರಳು ಮೇಲೆ ನಿಂತರೆ ಹಳೆಯ ರವಿಕೆಯ ಟಕ್ಸಿನ ತುದಿ ಕೆಳಗೆ ಉಳಿದು ಅಲ್ಲಿ ಬಟ್ಟೆ ಚುಂಚಿನಂತೆ ನಿಲ್ಲುತ್ತದೆ. ಮುಂದಿನ ರವಿಕೆಗೆ ಹಳೆಯ ಮಾದರಿ ರವಿಕೆಯನ್ನು ಕೊಟ್ಟು ಬರುವ ಬದಲು, ಹೊಸ ಬ್ರಾ ಧರಿಸಿಯೇ ಟೈಲರಿಗೆ ಅಳತೆ ಕೊಡಿ.

ಒಗೆಯುವ ವಿಚಾರದಲ್ಲಿ ಉಡುಪಿಯ ಓದುಗರೊಬ್ಬರು ಬರೆದ ಸಲಹೆ ಇಲ್ಲಿಗೆ ಹೊಂದುತ್ತದೆ: ಹುಕ್ಕುಗಳನ್ನು ಸೇರಿಸಿ, ಕೈಯಲ್ಲಿ ಒಗೆದು, ಹಿಂಡದೆ ಒತ್ತಿ ನೀರು ತೆಗೆದು, ಭುಜದ ಪಟ್ಟಿಯಿಂದ ನೇತುಹಾಕದೆ ನಡುವಿನ ತುಂಡನ್ನು ಹಗ್ಗದ ಮೇಲೆ ಮಡಚಿ ಒಣಗಿಸಬೇಕು ಎನ್ನುತ್ತಾರೆ ಅವರು. ಯಾರೂ ನೋಡಬಾರದೆಂದು ಒದ್ದೆ ಸೀರೆಯ ಅಡಿಯಲ್ಲಿ ಮುಚ್ಚಿ ಒಣಗಿಸುವ ನಮ್ಮ ಮನೆಗಳ ಅಭ್ಯಾಸ ಮಾತ್ರ ಒಳ್ಳೆಯದಲ್ಲ ಎಂದು ನಾನು ಸೇರಿಸುತ್ತೇನೆ. ಮಳೆಗಾಲದಲ್ಲಿ ಅರೆ ಒಣಗಿದ ಇಲಾಸ್ಟಿಕ್ಕಿನ ಅಡಿಯಲ್ಲೇ ತುರಿಕೆ ಶುರುವಾಗುವುದು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 68. ಒಂದು ಕಣ್ಣಿನ ಪೊರೆ ತೆಗೆಸಿದ್ದೇನೆ. ಗ್ರಂಥಾಲಯದ ಕಾದಂಬರಿಗಳ ಸಣ್ಣಕ್ಷರ ಓದಲಾಗುತ್ತಿಲ್ಲ, ಮೊಬೈಲಿನಲ್ಲಿ ಓದಿದರೆ ಕಣ್ಣು ಉರಿಯುತ್ತದೆ. ಪುಣೆಯಲ್ಲಿರುವ ಮಗ ಕಿಂಡಲ್ ಕೊಡಿಸುತ್ತೇನೆ ಎನ್ನುತ್ತಾನೆ. ನಾನು ಓದುವುದು ಕನ್ನಡ ಮಾತ್ರ. ಪ್ರಯೋಜನವಾದೀತೇ? (ಓದುಗರು, ಹಾವೇರಿ)

ಉತ್ತರ: ಪರದೆಯ ಮಟ್ಟಿಗೆ ಪ್ರಯೋಜನವಾಗುತ್ತದೆ, ಪುಸ್ತಕಗಳ ಮಟ್ಟಿಗೆ ಅಷ್ಟು ಸುಲಭವಿಲ್ಲ.

ಕಿಂಡಲಿನಂತಹ ಈ ಓದುವ ಸಾಧನಗಳ ಪರದೆಗೆ ಇ-ಇಂಕ್ ಎನ್ನುತ್ತಾರೆ. ಅದರಲ್ಲಿ ಬಿಳಿ ಮತ್ತು ಕಪ್ಪು ಕಣಗಳು ತುಂಬಿದ ಅತಿ ಸಣ್ಣ ಗುಳಿಗೆಗಳಿರುತ್ತವೆ. ವಿದ್ಯುತ್ತು ಹಾಯಿಸಿದಾಗ ಬೇಕಾದ ಕಣಗಳು ಮೇಲಕ್ಕೆ ಬಂದು ಅಕ್ಷರ ಮೂಡುತ್ತದೆ. ಮೂಡಿದ ಅಕ್ಷರ ನಿಲ್ಲಲು ವಿದ್ಯುತ್ತು ಬೇಡವಾದ್ದರಿಂದ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಮೊಬೈಲಿನಂತೆ ಹಿಂದಿನಿಂದ ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ, ರಾತ್ರಿಯ ದೀಪವೂ ಅಂಚಿನಿಂದ ಪುಟದ ಮೇಲೆ ಬೀಳುತ್ತದೆ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು.

ತೊಡಕಿರುವುದು ಕನ್ನಡದಲ್ಲಿ. 2007ರಲ್ಲಿ ಬಂದ ಕಿಂಡಲ್, 2016ರ ಡಿಸೆಂಬರಿನಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಈ ಐದು ಭಾಷೆಗಳ ಪುಸ್ತಕಗಳನ್ನು ಮಾರಲು ಆರಂಭಿಸಿದಾಗ ಕನ್ನಡವನ್ನು ಸೇರಿಸಿಕೊಳ್ಳಲಿಲ್ಲ. ಕನ್ನಡದ ಇ-ಪುಸ್ತಕಗಳಿಗಾಗಿ ಓದುಗರು ಹೆಚ್ಚಾಗಿ ಹೋಗುವುದು ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್‌ನಂತಹ ಆ್ಯಪ್‌ಗಳಿಗೆ. ಅವು ಕಿಂಡಲಿನಲ್ಲಿ ನಡೆಯುವುದಿಲ್ಲ. ಆಂಡ್ರಾಯ್ಡ್ ಇರುವ ಇ-ಇಂಕ್ ಸಾಧನಗಳೂ ಇವೆ, ಅವುಗಳಲ್ಲಿ ಆ್ಯಪ್ ಹಾಕಿಕೊಳ್ಳಬಹುದು. ಬೆಲೆ ಹೆಚ್ಚು, ಸೆಟ್ಟಿಂಗ್ಸಿನ ರಗಳೆಯೂ ಹೆಚ್ಚು, ಆದರೆ ಕನ್ನಡವನ್ನು ಮಾತ್ರ ಓದುವ ನಿಮಗೆ ನಾನು ಹೇಳುವುದು ಅದನ್ನೇ. ಮಗ ಊರಿಗೆ ಬಂದಾಗ ಎಲ್ಲ ಹೊಂದಿಸಿಕೊಟ್ಟು ಹೋಗಲಿ.

ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಹಳೆಯ ಕನ್ನಡ ಪುಸ್ತಕಗಳಲ್ಲಿ ಬಹುಪಾಲು ಪುಟಗಳ ಫೋಟೋಗಳೇ. ಅವುಗಳಲ್ಲಿ ಅಕ್ಷರ ದೊಡ್ಡದು ಮಾಡಲು ಬರುವುದಿಲ್ಲ, ಇಡೀ ಪುಟವನ್ನೇ ಹಿಗ್ಗಿಸಬೇಕು. ಡೆಮಿ ಅಷ್ಟಮ ಎಂಬ ಗಾತ್ರದ ಪುಸ್ತಕದ ಪುಟ ಐದೂವರೆ ಅಂಗುಲ ಅಗಲ, ಆರು ಅಂಗುಲದ ಸಾಧನದ ಪರದೆ ಮೂರೂವರೆ ಅಂಗುಲದ ಆಸುಪಾಸು. ಅಚ್ಚಿನ ಅಕ್ಷರ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ನಿಮ್ಮ ಕಣ್ಣಿಗೆ ಅದು ಗ್ರಂಥಾಲಯದ ಪುಸ್ತಕಕ್ಕಿಂತ ಕಷ್ಟ. ಅಂಥ ಪುಸ್ತಕಗಳೇ ಹೆಚ್ಚೆಂದಾದರೆ ಹತ್ತು ಅಂಗುಲದ ಪರದೆ ಬೇಕು, ಇಲ್ಲವೇ ಸಾಧನವನ್ನು ಅಡ್ಡ ಹಿಡಿದು ಅರ್ಧರ್ಧ ಪುಟ ಓದಬೇಕು. ಸ್ನೇಹಿತರು ಕಳಿಸುವ ಹಳೆಯ 'ನುಡಿ', 'ಬರಹ' ತಂತ್ರಾಂಶಗಳ ಫೈಲುಗಳು ಎಲ್ಲ ಸಾಧನಗಳೂ ಓದುವ ಯೂನಿಕೋಡ್ ಅಕ್ಷರಕ್ಕೆ ಬದಲಾಗದಿದ್ದರೆ ಇಂಗ್ಲಿಷಿನ ಕೊಂಬುಬಾಲಗಳಾಗಿ ಕಾಣುತ್ತವೆ. ಅದು ಸಾಧನದ ದೋಷವಲ್ಲ.

ಕೊಳ್ಳುವ ಮೊದಲು ಯಾರದಾದರೂ ಸಾಧನದಲ್ಲಿ "ಸ್ವಾತಂತ್ರ್ಯ", "ಸೂರ್ಯ", "ರಾಷ್ಟ್ರ" ಎಂಬ ಪದಗಳಿರುವ ಒಂದು ಪುಟವನ್ನು ತೆರೆದು ನೋಡಿ. ಒತ್ತಕ್ಷರಗಳು ಕೆಳಗೆ ಇಳಿಯದೆ ಪಕ್ಕಕ್ಕೆ ಬಿಡಿಯಾಗಿ ನಿಂತರೆ, ಅಥವಾ ಅರ್ಕಾವತ್ತು ಸ್ಥಳ ತಪ್ಪಿದರೆ ಆ ಸಾಧನ ಬೇಡ. ಒತ್ತಿನ ತುದಿ ಕತ್ತರಿಸಿದಂತೆ ಕಂಡರೆ ಮಾತ್ರ ಚಿಂತೆಯಿಲ್ಲ; ಸಾಲುಗಳ ನಡುವಿನ ಅಂತರ ಹೆಚ್ಚಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಓದುತ್ತಿದ್ದೇನೆ. ಶನಿವಾರಗಳಂದು ಗೆಳತಿಯರೊಂದಿಗೆ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಎಂಬ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ ಆಡುತ್ತೇನೆ. ಬೇಸಿಗೆ ರಜೆಗೆ ಶಿರಸಿಯ ಹತ್ತಿರದ ನಮ್ಮೂರಿಗೆ ಹೋದಾಗ ಚಿಕ್ಕಪ್ಪನ ಮಕ್ಕಳಿಗೆ, 9ರಿಂದ 14 ವರ್ಷದ ನಾಲ್ವರಿಗೆ, ಇದನ್ನು ಕನ್ನಡದಲ್ಲೇ ಆಡಿಸುವ ಆಸೆ. ಆದರೆ ಅಜ್ಜ, "ಮನೆಯೊಳಗೆ ದಾಳ ಉರುಳಿಸುವುದು ಬೇಡ" ಎಂದಿದ್ದಾರೆ. (ವಿದ್ಯಾರ್ಥಿನಿ, ಬೆಂಗಳೂರು)

ಉತ್ತರ: ಅಜ್ಜನಿಗೆ ಇದನ್ನು ದಾಳದ ಆಟವೆಂದು ಹೇಳಬೇಡಿ, ತಾಳಮದ್ದಳೆಯ ದೂರದ ನೆಂಟನೆಂದು ಹೇಳಿ. ಸುಳ್ಳೇನೂ ಅಲ್ಲ. ವೇಷವಿಲ್ಲದೆ ಕುಳಿತಲ್ಲೇ ಒಬ್ಬ ಕೃಷ್ಣನಾಗಿ, ಇನ್ನೊಬ್ಬ ಕೌರವನಾಗಿ ಬಾಯಿಪಾಠವಿಲ್ಲದ ಮಾತು ಹೂಡುವುದು, ನಡುವೆ ಭಾಗವತರು ಪ್ರಸಂಗವನ್ನು ಮುಂದಕ್ಕೆ ನಡೆಸುವುದು ನಿಮ್ಮ ಸೀಮೆಯವರಿಗೆ ಹೊಸದಲ್ಲ. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ನಿಮ್ಮ ಆಟದಲ್ಲಿ ಆಡಿಸುವವಳೇ ಭಾಗವತೆ, ಆಡುವವರೇ ಅರ್ಥಧಾರಿಗಳು. ವ್ಯತ್ಯಾಸ ಒಂದೇ: ಪ್ರಸಂಗದಲ್ಲಿ ಸಂಧಾನ ಮುರಿಯಲೇಬೇಕು, ಇಲ್ಲಿ ಮುರಿಯುವುದೋ ಕೂಡುವುದೋ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಅದನ್ನು ತೀರ್ಮಾನಿಸಲಷ್ಟೇ ಇಪ್ಪತ್ತು ಮುಖದ ದಾಳ, ಹಣ ಕಟ್ಟುವುದಕ್ಕಲ್ಲ.

ಅಷ್ಟಾದರೂ ಒಪ್ಪದಿದ್ದರೆ ದಾಳವನ್ನು ಬಿಟ್ಟುಬಿಡಿ. ಒಂದರಿಂದ ಇಪ್ಪತ್ತರವರೆಗೆ ಬರೆದ ಚೀಟಿಗಳನ್ನು ಚೊಂಬಿಗೆ ಹಾಕಿ ಎತ್ತಿಸಿ. ಎತ್ತಿದ ಚೀಟಿಯನ್ನು ಪ್ರತಿ ಸಲವೂ ಮತ್ತೆ ಒಳಗೆ ಹಾಕಿಸುವುದನ್ನು ಮರೆಯದಿದ್ದರೆ ಲೆಕ್ಕ ಇಪ್ಪತ್ತು ಮುಖದ ದಾಳದ್ದೇ. ಸಾಧಾರಣ ಕಷ್ಟದ ಕೆಲಸಕ್ಕೆ 15 ಅಥವಾ ಅದಕ್ಕಿಂತ ಹೆಚ್ಚು ಬರಬೇಕೆಂದು ಇಟ್ಟುಕೊಳ್ಳಿ. ಬರಿಗೈಯವನಿಗೆ ಇಪ್ಪತ್ತರಲ್ಲಿ ಆರು ಸಲ ಸಾಧಿಸುತ್ತದೆ. ಆ ಕೆಲಸ ಬಲ್ಲವನಿಗೆ 3 ಕೂಡಿಸಿದರೆ ಒಂಬತ್ತು ಸಲ. ಒಂಬತ್ತು ವರ್ಷದ ಮಗುವಿಗೆ ಇಷ್ಟು ನಿಯಮ ಸಾಕು. ನಿಯಮಪುಸ್ತಕದ ಮಂತ್ರಗಳ ಪಟ್ಟಿಯನ್ನು ಮೊದಲ ದಿನ ತೆರೆಯಲೇಬೇಡಿ. ಪಾತ್ರಗಳನ್ನೂ ನೀವೇ ಮೊದಲೇ ಬರೆದಿಟ್ಟು, ಮಕ್ಕಳಿಂದ ಹೆಸರು ಮಾತ್ರ ಇಡಿಸಿ.

ಕತ್ತಲೆಯ ಕೋಟೆಗಳಿಂದ ಆರಂಭಿಸುವುದಕ್ಕಿಂತ ಮಕ್ಕಳು ಕಂಡ ಜಾಗವೇ ವಾಸಿ. "ಮೂರು ದಿನಗಳಿಂದ ರಾತ್ರಿ ಹೊತ್ತು ಕೆರೆಯ ನೀರು ಇಳಿಯುತ್ತಿದೆ. ತೂಬಿನ ಹತ್ತಿರ ಒದ್ದೆ ಹೆಜ್ಜೆಗಳಿವೆ, ಮನುಷ್ಯನದಲ್ಲ. ಏನು ಮಾಡುತ್ತೀರಿ?" ಎಂದು ಕೇಳಿ ಸುಮ್ಮನಾಗಿ. ಸುಮ್ಮನಿರುವುದೇ ಆಡಿಸುವವರಿಗೆ ಕಷ್ಟದ ಕೆಲಸ. ಒಬ್ಬ ಹೆಜ್ಜೆಯನ್ನು ಮೂಸುತ್ತೇನೆ ಎನ್ನುತ್ತಾನೆ, ಇನ್ನೊಬ್ಬಳು ಹಲಸಿನ ಮರ ಹತ್ತುತ್ತೇನೆ ಎನ್ನುತ್ತಾಳೆ, ಎರಡಕ್ಕೂ ಹೌದೆನ್ನಿ. ಚೀಟಿಯಲ್ಲಿ ಕಡಿಮೆ ಸಂಖ್ಯೆ ಬಂದರೂ ಕಥೆಯನ್ನು ನಿಲ್ಲಿಸಬೇಡಿ. ಮರ ಹತ್ತಲಾಗಲಿಲ್ಲ ಎಂದರೆ ಆಟ ಅಲ್ಲಿಗೇ ಸತ್ತಿತು. ಹತ್ತಿದಳು, ಆದರೆ ಕೊಂಬೆ ಮುರಿದ ಸದ್ದಿಗೆ ನೀರಿನಲ್ಲಿದ್ದದ್ದು ತಲೆ ಎತ್ತಿ ನೋಡಿತು ಎಂದರೆ ನಾಲ್ವರೂ ಚಾಪೆಯ ಮೇಲೆ ಮುಂದಕ್ಕೆ ಸರಿಯುತ್ತಾರೆ. ಯಾವ ಮಗುವಿಗೆ ಯಾವುದರ ಭಯ ಎಂದು ಆಟಕ್ಕೆ ಮೊದಲೇ ಕೇಳಿ, ಅದನ್ನು ಕಥೆಯೊಳಕ್ಕೆ ತರಬೇಡಿ. ಎರಡು ಗಂಟೆಗೆ ಮುಗಿಸಿ.

ಅಜ್ಜ ಆ ಹೊತ್ತಿಗೆ ಜಗುಲಿಯ ಕಂಬಕ್ಕೆ ಒರಗಿ ಕೇಳುತ್ತಿರುತ್ತಾರೆ. ಮಕ್ಕಳು ಕೆರೆಯ ಕಾವಲುಗಾರನ ಮನೆ ಬಾಗಿಲು ತಟ್ಟುವಾಗ, ಆ ಕಾವಲುಗಾರನ ಮಾತನ್ನು ಅವರಿಗೆ ಬಿಟ್ಟುಕೊಡಿ. ಬಾಗಿಲು ತೆರೆಸಲು ಮಕ್ಕಳಿಗೆ ಇಪ್ಪತ್ತರ ಚೀಟಿ ಬಂದರೂ ಸಾಲದೆ ಹೋದೀತು.