ನಾಡಿಯ ಪಲ್ಸ್, ತೊಗರಿಯ ಪಲ್ಸ್

ಕಲಬುರಗಿಯ ಓದುಗರೊಬ್ಬರ ಪತ್ರ: "ನಮ್ಮ ಮನೆ ಗಂಜ್ ಹತ್ತಿರ. ದಾಲ್ ಮಿಲ್ಲಿನ ಬೋರ್ಡಿನಲ್ಲಿ 'ಪಲ್ಸಸ್' ಅಂತ ಇದೆ. ಮೊನ್ನೆ ಅವ್ವನನ್ನು ದವಾಖಾನೆಗೆ ಕರೆದೊಯ್ದಾಗ ಚೀಟಿಯಲ್ಲಿ 'ಪಲ್ಸ್ 82' ಅಂತ ಬರೆದುಕೊಟ್ಟರು. ಕುದಿಯುವ ಬೇಳೆ ನಾಡಿ ಹಾಗೆ ಮಿಡಿಯುತ್ತೆ, ಅದಕ್ಕೇ ಒಂದೇ ಹೆಸರು ಅಂತಾಳೆ ಮಗಳು. ನಿಜವೇ?"

ನಿಮ್ಮ ಮಗಳ ಊಹೆ ನನಗೆ ತುಂಬಾ ಹಿಡಿಸಿತು. ಆದರೆ ಇವು ಒಂದೇ ಪದದ ಎರಡು ಅರ್ಥಗಳಲ್ಲ. ಎರಡೂ ಬೇರೆ ಬೇರೆ ಪದಗಳು, ಬರೆದಾಗ ಒಂದೇ ಥರ ಕಾಣುತ್ತವೆ ಅಷ್ಟೇ. ನಮ್ಮಲ್ಲೂ ಹೀಗಿದೆ ಅಲ್ವಾ? ತಿಳಿ ಅನ್ನುವ 'ಅರಿ' ಕನ್ನಡದ್ದು, ಶತ್ರು ಅನ್ನುವ 'ಅರಿ' ಸಂಸ್ಕೃತದ್ದು.

ನಾಡಿಯ ಪಲ್ಸ್ ಲ್ಯಾಟಿನ್ನಿನ 'ಪೆಲ್ಲೆರೆ'ಯಿಂದ ಬಂತು. ಬಡಿ, ತಳ್ಳು ಅಂತ ಅದರ ಅರ್ಥ. ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡಿ, ಒಳಗಿನಿಂದ ರಕ್ತ ತಳ್ಳುವುದು ಗೊತ್ತಾಗುತ್ತದೆ. (82ಕ್ಕೆ ಹೆದರಬೇಡಿ. ಸುಮ್ಮನೆ ಕೂತಾಗ ದೊಡ್ಡವರಿಗೆ ನಿಮಿಷಕ್ಕೆ 60ರಿಂದ 100 ಇರುವುದು ಸಹಜ.) ವಿಮಾನದ ಪ್ರೊಪೆಲ್ಲರ್ ಇದೇ ಬಳಗದ್ದು. 1995ರಲ್ಲಿ ನಮ್ಮ ದೇಶದಲ್ಲಿ ಶುರುವಾದ ಪಲ್ಸ್ ಪೋಲಿಯೊದ ಪಲ್ಸ್ ಕೂಡ ಇದೇ. ಸಣ್ಣ ಮಕ್ಕಳಿಗೆಲ್ಲ ಒಂದೇ ದಿನ ಹನಿ, ಕೆಲವು ವಾರ ಬಿಟ್ಟು ಮತ್ತೊಮ್ಮೆ. ಬಡಿತ, ಬಿಡುವು, ಮತ್ತೆ ಬಡಿತ.

ಕಾಳಿನ ಪಲ್ಸ್ ಹುಟ್ಟಿದ್ದು ಅಡುಗೆಮನೆಯಲ್ಲಿ. ಹಳೆಯ ಕಾಲದ ರೋಮಿನವರು ಹಿಟ್ಟನ್ನು ನೀರಲ್ಲಿ ಗಟ್ಟಿಯಾಗಿ ಕುದಿಸಿ ಉಣ್ಣುತ್ತಿದ್ದರು. ಅದರ ಹೆಸರು 'ಪುಲ್ಸ್'. ಬ್ರೆಡ್ಡು ರೂಢಿಗೆ ಬರುವ ಮುಂಚೆ ಬಡವರ ದಿನದ ಊಟವೇ ಅದು. ನನಗಂತೂ ನಮ್ಮ ಜೋಳದ ನುಚ್ಚು ನೆನಪಾಗುತ್ತದೆ. ಆ ಪದ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬರುವಷ್ಟರಲ್ಲಿ, ಪಾತ್ರೆಯಲ್ಲಿ ಬೆಂದದ್ದರ ಹೆಸರು ಬೇಯುವ ಕಾಳಿಗೆ ಅಂಟಿಕೊಂಡಿತ್ತು. ಕುರು ಎದ್ದಾಗ ಬಿಸಿ ಹಿಟ್ಟು ಕಟ್ಟುತ್ತೇವಲ್ಲ, ಅದನ್ನು ಇಂಗ್ಲಿಷಿನಲ್ಲಿ 'ಪೋಲ್ಟಿಸ್' ಅನ್ನುತ್ತಾರೆ. ಅದೂ ಇದೇ ಪಾತ್ರೆಯದ್ದು.

ನಾವು ಇಡಿಯದಕ್ಕೆ ಕಾಳು, ಒಡೆದದ್ದಕ್ಕೆ ಬೇಳೆ ಅನ್ನುತ್ತೇವೆ. ಇಂಗ್ಲಿಷಿನವರಿಗೆ ಎರಡೂ ಪಲ್ಸ್. ಈ ವಿಷಯದಲ್ಲಿ ಕನ್ನಡವೇ ಜಾಸ್ತಿ ಚೊಕ್ಕ. ಆದರೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಲ್ಲಿ, ಒಣಗಿದ ಮೇಲೆ ಕೊಯ್ದರೆ ಮಾತ್ರ ಪಲ್ಸ್. ಚಳಿಗಾಲದಲ್ಲಿ ಉಪ್ಪು ಹಾಕಿ ಕುದಿಸಿ, ಸಿಪ್ಪೆ ಬಿಡಿಸುತ್ತಾ ತಿನ್ನುವ ಹಸಿ ತೊಗರಿಕಾಯಿ ಅವರಿಗೆ ತರಕಾರಿ. ಅದೇ ಗಿಡದಲ್ಲಿ ಉಳಿದ ಕಾಯಿ ಒಣಗಿ, ಕಣ ದಾಟಿ, ನಿಮ್ಮ ಮನೆ ಹತ್ತಿರದ ಗಂಜ್‌ಗೆ ಬಂದರೆ ಪಲ್ಸ್.