ಒಂಬತ್ತನೇ ತರಗತಿ ಮಕ್ಕಳಿಗೆ ಸಮಸ್ಥಾನಿ (ಐಸೋಟೋಪ್, ಅಂದರೆ ಒಂದೇ ಧಾತುವಿನ, ನ್ಯೂಟ್ರಾನ್ ಸಂಖ್ಯೆ ಮಾತ್ರ ಬೇರೆಯಾದ ಪರಮಾಣು), ರಾಸಾಯನಿಕ ಬಂಧ ಅರ್ಥವಾಗುವಂತೆ ಹೇಳಲು ಒಳ್ಳೆಯ ಕಥೆ ಇದೆಯೇ?

ಕಥೆ ಬೇಡ, ಎಣಿಸಲು ಕಾಳು ಕೊಡಿ. ‘ಸೋಡಿಯಂ ಉದಾರಿ, ಖುಷಿಯಿಂದ ಎಲೆಕ್ಟ್ರಾನ್ ದಾನ ಮಾಡುತ್ತದೆ’ ಎಂಬಂಥ ಕಥೆಯನ್ನಂತೂ ನಾನು ಯಾರಿಗೂ ಹೇಳಿಕೊಡಲಾರೆ.

ಶುರು ಕ್ಲೋರಿನ್‌ನಿಂದ ಆಗಲಿ. ಇಂಗಾಲ-14 ಮೊದಲು ಬಂದರೆ ಸಮಸ್ಥಾನಿ ಎಂದರೆ ವಿಕಿರಣ ಸೂಸುವುದು ಎಂದೇ ಮಕ್ಕಳ ತಲೆಯಲ್ಲಿ ಕೂತುಬಿಡುತ್ತದೆ. ಕ್ಲೋರಿನ್-35, ಕ್ಲೋರಿನ್-37 ಎರಡೂ ಸ್ಥಿರ. ನಾಲ್ಕು ತಟ್ಟೆ ಇಡಿ. ಪ್ರೋಟಾನಿಗೆ ಕಡಲೆಕಾಳು, ಪ್ರತಿ ತಟ್ಟೆಗೂ 17. ನ್ಯೂಟ್ರಾನಿಗೆ ಬಟಾಣಿ, ಮೂರು ತಟ್ಟೆಗೆ 18, ನಾಲ್ಕನೆಯದಕ್ಕೆ 20. ಎಲೆಕ್ಟ್ರಾನಿಗೆ ಎಳ್ಳು, ಸುತ್ತಲೂ 2, 8, 7ರ ಸಾಲಿನಲ್ಲಿ. ಸಾಸಿವೆ ಬೇಡ, ಉರುಳಿಹೋಗುತ್ತದೆ.

ಈಗ ಕಡಲೆ, ಬಟಾಣಿ ಕೂಡಿಸಿ ಎನ್ನಿ. 142 ಬರುತ್ತದೆ, ನಾಲ್ಕರಿಂದ ಭಾಗಿಸಿದರೆ 35.5. ಹೆಚ್ಚಿನವರು ಎಡವುವುದು ಇಲ್ಲೇ. 35.5ರಲ್ಲಿ 17 ಕಳೆದು ‘ನ್ಯೂಟ್ರಾನ್ 18.5’ ಎಂದು ಬರೆಯುತ್ತಾರೆ. ತಪ್ಪು ಎಂದು ಗೀಟು ಹಾಕಿದರೆ ಏನೂ ಕಲಿಯುವುದಿಲ್ಲ. ಅರ್ಧ ಬಟಾಣಿ ಇರುವ ತಟ್ಟೆ ಯಾವುದು, ತೋರಿಸು ಎನ್ನಿ. ಅಂಥದ್ದು ಇಲ್ಲ. 35 ಮತ್ತು 37 ಒಂದೊಂದು ತಟ್ಟೆಯ ರಾಶಿ ಸಂಖ್ಯೆ (ಪ್ರೋಟಾನ್, ನ್ಯೂಟ್ರಾನ್ ಸೇರಿದ ಎಣಿಕೆ), 35.5 ಇಡೀ ಗುಂಪಿನ ಸರಾಸರಿ. ನಿಸರ್ಗದಲ್ಲಿ ಕ್ಲೋರಿನ್-35ರ ಪಾಲು ಸುಮಾರು ಶೇ 76, ಉಳಿದದ್ದು 37. ಆದ್ದರಿಂದಲೇ ಆವರ್ತ ಕೋಷ್ಟಕದಲ್ಲಿ 35.45 ಅಂತಿರುವುದು. ಆ ಅಂಕಿಯಿಂದ ನ್ಯೂಟ್ರಾನ್ ಲೆಕ್ಕ ತೆಗೆಯಬಾರದು ಎನ್ನುವುದು ಗಟ್ಟಿಯಾಗುವ ತನಕ ಮುಂದಿನ ಪಾಠಕ್ಕೆ ಹೋಗಬೇಡಿ.

ಆಮೇಲೆ ಒಂದು ಕಡಲೆಕಾಳು ಹೆಚ್ಚಿಗೆ ಹಾಕಿಸಿ: ಅದು ಕ್ಲೋರಿನ್ ಅಲ್ಲ, ಆರ್ಗಾನ್.

ಬಂಧದ ಪಾಠಕ್ಕೂ ಅದೇ ತಟ್ಟೆಗಳು ಸಾಕು. ಬಂಧಕ್ಕೆ ಬರುವುದು ಹೊರಸಾಲಿನ ಎಳ್ಳು ಮಾತ್ರ, ಹಾಗಾಗಿ 35 ಇರಲಿ 37 ಇರಲಿ, ಸೋಡಿಯಂ ಜೊತೆ ಸಿಗುವುದು ಅದೇ ಉಪ್ಪು. ಎರಡು ಪಾಠಗಳನ್ನು ಬೆಸೆಯುವ ಜಾಗ ಇದು. ಹೈಡ್ರೋಜನ್ ಮಾತ್ರ ಸ್ವಲ್ಪ ಬೇರೆ. ಅದರ ಸಮಸ್ಥಾನಿ ಡ್ಯೂಟೀರಿಯಂನ ತೂಕ ಮಾಮೂಲಿ ಹೈಡ್ರೋಜನ್ನಿನ ಹೆಚ್ಚುಕಡಿಮೆ ಇಮ್ಮಡಿ, ಅದಕ್ಕೇ ಡ್ಯೂಟೀರಿಯಂ ಇರುವ ನೀರು, ಅಂದರೆ ಭಾರಜಲ, 3.8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೆಪ್ಪುಗಟ್ಟುತ್ತದೆ, ಅದರ ಮಂಜುಗಡ್ಡೆ ಮಾಮೂಲಿ ನೀರಿನಲ್ಲಿ ಮುಳುಗುತ್ತದೆ.

ದಾನದ ಕಥೆಗೆ ನನ್ನ ತಕರಾರು ಏಕೆಂದರೆ, ಲೆಕ್ಕ ಅದನ್ನು ಒಪ್ಪುವುದಿಲ್ಲ. ಒಂದು ಮೋಲ್ (ಪರಮಾಣುಗಳನ್ನು ಎಣಿಸುವ ದೊಡ್ಡ ಅಳತೆ) ಸೋಡಿಯಂ ಪರಮಾಣುಗಳಿಂದ ಎಲೆಕ್ಟ್ರಾನ್ ಕೀಳಲು 496 ಕಿಲೋಜೌಲ್ ಬೇಕು. ಕ್ಲೋರಿನ್ ಅದನ್ನು ಪಡೆದಾಗ ಹೊರಬರುವುದು 349 ಮಾತ್ರ. 147 ಕೊರತೆ! ಅದನ್ನು ತುಂಬಿಕೊಡುವುದು ಅಯಾನುಗಳು (ಎಲೆಕ್ಟ್ರಾನ್ ಕಳೆದುಕೊಂಡ ಸೋಡಿಯಂ, ಪಡೆದ ಕ್ಲೋರಿನ್) ಒತ್ತೊತ್ತಾಗಿ ಹರಳಿನಲ್ಲಿ ಕೂತಾಗ ಬಿಡುಗಡೆಯಾಗುವ 787. ಅಂಕಿಗಳು ಪಿಯುಸಿಗೆ ಇರಲಿ, ಒಂಬತ್ತಕ್ಕೆ ‘ಕೀಳಲು ಶಕ್ತಿ ಬೇಕು, ಕೂಡಿದಾಗ ಶಕ್ತಿ ಹೊರಬರುತ್ತದೆ’ ಇಷ್ಟು ಸಾಕು.

ಕೊನೆಗೆ ಉಪ್ಪಿನ ಚಿತ್ರ ಬಿಡಿಸಲು ಹೇಳಿ. ಒಂದು ಸೋಡಿಯಂ, ಒಂದು ಕ್ಲೋರಿನ್ ಜೋಡಿ ಬರೆದು ನಿಲ್ಲಿಸುತ್ತಾರೆ. ಚೌಕುಳಿ ಹಾಳೆ ಕೊಟ್ಟು ಸೋಡಿಯಂಗೆ ಒಂದು ಬಣ್ಣ, ಕ್ಲೋರಿನ್‌ಗೆ ಇನ್ನೊಂದು, ಒಂದು ಬಿಟ್ಟು ಒಂದು ತುಂಬಿಸಿ. ಪ್ರತಿ ಸೋಡಿಯಂಗೂ ನಾಲ್ಕು ಕ್ಲೋರಿನ್ ನೆರೆ ಸಿಗುತ್ತವೆ. ಬಣ್ಣ ಅದಲುಬದಲಾದ ಇನ್ನೆರಡು ಹಾಳೆಗಳನ್ನು ಮೇಲೊಂದು ಕೆಳಗೊಂದು ಇಟ್ಟರೆ ಹರಳಿನಲ್ಲಿರುವ ಆರೂ ನೆರೆ ಸಿಕ್ಕವು.