ತಿಪಟೂರಿನ ಕೊಬ್ಬರಿ ಟೆಂಡರ್ ಆನ್‌ಲೈನ್ ಆದ ಮೇಲೆ ವರ್ತಕರ ಲೆಕ್ಕಾಚಾರ ಯಾಕೆ ಬದಲಾಯಿತು?

ಎದುರಾಳಿ ಎಷ್ಟು ದರ ಹಾಕಿದ ಅನ್ನೋದು ಈಗ ಕಾಣಲ್ಲ, ಅದಕ್ಕೇ. ರಾಜ್ಯದ ಏಕೀಕೃತ ಮಾರುಕಟ್ಟೆ ವ್ಯವಸ್ಥೆ 2014ರಲ್ಲಿ ಶುರುವಾಯಿತು. ಅದರಲ್ಲಿ ವರ್ತಕರು ಮಾರಾಟಕ್ಕೆ ಬಂದ ಒಂದೊಂದು ಲಾಟಿಗೂ, ಅಂದರೆ ಮಾಲಿನ ರಾಶಿಗೂ, ಆನ್‌ಲೈನಿನಲ್ಲೇ ಗುಟ್ಟಾಗಿ ದರ ಹಾಕುತ್ತಾರೆ. ಕಡಿಮೆ ಹಾಕಿದರೆ ಮಾಲು ಕೈತಪ್ಪುತ್ತದೆ, ಜಾಸ್ತಿ ಹಾಕಿದರೆ ಕೈ ಸುಡುತ್ತದೆ. ಹಾಗಾಗಿ ಪಕ್ಕದ ಮಂಡಿಯವರ ಮುಖ ನೋಡಿ ದರ ಹೇಳೋ ಜಾಣತನ ಅಷ್ಟಾಗಿ ನಡೆಯಲ್ಲ. ಉಂಡೆ ಕೊಬ್ಬರಿ ಚೆನ್ನಾಗಿ ಒಣಗಿದೆಯಾ, ಗಾತ್ರ ಎಷ್ಟು, ಉತ್ತರ ಭಾರತದಲ್ಲಿ ಬೇಡಿಕೆ ಹೇಗಿದೆ ಅಂತ ಮೊದಲೇ ತಿಳಿದುಕೊಂಡಿರಬೇಕು.

ಆನ್‌ಲೈನ್ ಆದ ಮಾತ್ರಕ್ಕೆ ಬೆಲೆ ಏರುತ್ತದೆ ಅನ್ನೋದು ಸುಮ್ನೆ ಮಾತು. ಕೊಳ್ಳೋರು ನಾಲ್ಕೇ ಜನ ಇದ್ದರೆ ಪೈಪೋಟಿ ಎಲ್ಲಿಂದ ಬರಬೇಕು, ಅಲ್ವಾ? ಬಂದ ದರ ಒಪ್ಪಿಗೆಯಾಗದಿದ್ದರೆ ರೈತರು ಮಾಲು ಕೊಡದೆ ಉಳಿಸಿಕೊಳ್ಳಬಹುದು.